ಬಚ್ಚಲ ಬಾಗಿಲಲ್ಲಿ ಓದುವವಳು

ಶಿವರತ್ನಮ್ಮ ಸಿಟ್ಟು ಬಂದರೆ ಕೂಗಾಡುವವಳಲ್ಲ. ಕೈ ತೊಳೆಯುವವಳು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿರುವ ಟ್ರಸ್ಟ್ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸಾಗಿ ದುಡಿದು, ನಿವೃತ್ತಿಗೆ ಇನ್ನು ಮೂರೇ ತಿಂಗಳು ಉಳಿದಿರುವ ಈ ಹೆಂಗಸು ನಲ್ಲಿಯ ಕೆಳಗೆ ಕೈಯೊಡ್ಡಿ, ಮೊಣಕೈವರೆಗೂ ಸೋಪು ಹಚ್ಚಿ, ಉಗುರಿನ ಸಂದಿ ತಿಕ್ಕುತ್ತ ನಿಂತಳೆಂದರೆ ವಾರ್ಡಿನ ಆಯಾಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಜಾಗ ಖಾಲಿ ಮಾಡುತ್ತಾರೆ. ಆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅವಳು ಮೂರು ಸಲ ಕೈ ತೊಳೆದಿದ್ದಳು.

ಕಾರಣ ಒಂದು ಹಾಳೆ. ಆಫ್ರಿಕಾದ ಒಂದು ದೇಶದಲ್ಲಿ ಎಬೋಲಾ ಜ್ವರ ಎದ್ದಿತ್ತು. ಅಲ್ಲಿ ಕೆಲಸ ಮಾಡುವ ವಿದೇಶಿ ವೈದ್ಯಕೀಯ ಸಂಸ್ಥೆಯೊಂದು ಈ ಟ್ರಸ್ಟಿನಿಂದ ನಾಲ್ವರು ನರ್ಸುಗಳನ್ನು ಕೇಳಿತ್ತು. ಅವರನ್ನು ಹನ್ನೆರಡು ದಿನ ತಯಾರು ಮಾಡುವ ಹೊಣೆ ಶಿವರತ್ನಮ್ಮನದು. ಅಂಥ ತರಬೇತಿ ಕೊಡುವುದನ್ನು ಮೈಸೂರಿನಲ್ಲಿ ಕಲಿತು ಸರ್ಟಿಫಿಕೇಟು ತಂದವಳು ಇಡೀ ಆಸ್ಪತ್ರೆಗೆ ಅವಳೊಬ್ಬಳೇ. ಎಂಟು ದಿನ ಮುಗಿದು ಒಂಬತ್ತನೆಯ ದಿನ ಟ್ರಸ್ಟಿನ ಕಚೇರಿಯಿಂದ ಹೊರಡುವವರ ಪಟ್ಟಿ ಬಂತು. ಮಧುಶ್ರೀ, ಚನ್ನಬಸವ, ಮಾದಸ್ವಾಮಿ. ಇಲ್ಲಿಯವರೆಗೆ ಸರಿಯಾಗಿತ್ತು. ಪವಿತ್ರಳ ಹೆಸರಿರಬೇಕಾದ ಜಾಗದಲ್ಲಿ ಉದಯಕುಮಾರ್ ಎಂದಿತ್ತು. ಹೆಸರಿನ ಮುಂದೆ 'ಪ್ರಚಾರ ಸಂಯೋಜಕ' ಎಂಬ ದೊಡ್ಡ ಪದವಿ ಬೇರೆ.

ಉದಯಕುಮಾರ್ ನರ್ಸಲ್ಲ, ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಟ್ರಸ್ಟಿನ ಕಾರ್ಯದರ್ಶಿ ಶಿವರುದ್ರಸ್ವಾಮಿಯವರ ಅಕ್ಕನ ಮಗ. ಆಸ್ಪತ್ರೆಯಲ್ಲಿ ರಕ್ತದಾನವಾದರೆ, ಹಣ್ಣು ಹಂಚಿದರೆ, ಹೊಸ ಫ್ಯಾನು ಹಾಕಿದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಡು ಸೇರಿಸಿ ಹಾಕುವುದು ಅವನ ಉದ್ಯೋಗ. ಕೆಟ್ಟ ಹುಡುಗನೇನಲ್ಲ. ಆದರೆ ಸಾವಿನ ವಾರ್ಡಿಗೆ ಹೊರಟ ತಂಡದಲ್ಲಿ ಅವನಿಗೇನು ಕೆಲಸ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಒಂದು ಸೀಟು ಹೋದರೆ ಏನಾಯಿತು ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಆ ಜ್ವರದ ರೋಗಿಯನ್ನು ನೋಡಿಕೊಳ್ಳುವಾಗ ನರ್ಸಿಗೆ ಅಷ್ಟಾಗಿ ಅಪಾಯವಿಲ್ಲ, ತಲೆಯಿಂದ ಕಾಲಿನವರೆಗೆ ಸೂಟು ಇರುತ್ತದೆ. ಅಪಾಯ ಇರುವುದು ಹೊರಗೆ ಬಂದು ಅದನ್ನು ಕಳಚುವಾಗ. ಒಳಗೆ ಬೆವರಿ ಬೆಂದು, ಕಣ್ಣು ಕತ್ತಲಿಟ್ಟು, ಯಾವಾಗ ಇದನ್ನು ಕಿತ್ತೆಸೆಯುತ್ತೇನೋ ಎಂದು ಮೈ ಚಡಪಡಿಸುತ್ತಿರುತ್ತದೆ. ರೋಗವೆಲ್ಲ ಆ ಸೂಟಿನ ಹೊರಮೈಯಲ್ಲಿ, ಗ್ಲೌಸಿನ ಬೆರಳ ತುದಿಯಲ್ಲಿ ಕೂತಿರುತ್ತದೆ. ಅದಕ್ಕೇ ಇಬ್ಬಿಬ್ಬರ ಜೋಡಿ. ಒಬ್ಬರು ಕಳಚುತ್ತಾರೆ, ಇನ್ನೊಬ್ಬರು ಒಂದು ಮಾರು ದೂರ ನಿಂತು ಒಂದೊಂದೇ ಹೆಜ್ಜೆ ಗಟ್ಟಿಯಾಗಿ ಓದುತ್ತಾರೆ, ಕಣ್ಣು ಮಿಟುಕಿಸದೆ ನೋಡುತ್ತಾರೆ. ನಾಲ್ವರೆಂದರೆ ಎರಡು ಜೋಡಿ. ಮೂವರು ನರ್ಸು, ಒಬ್ಬ ಮೊಬೈಲಿನವನು ಎಂದರೆ ಒಬ್ಬರು ಒಬ್ಬಂಟಿ. ಆ ಒಬ್ಬರು ಸಾಯಬಹುದು. ಪ್ರತಿ ಜೋಡಿಯ ಮುಂದೆ 'ಇಬ್ಬರನ್ನೂ ಒಟ್ಟಿಗೆ ನೋಡಿ ಖಚಿತಪಡಿಸಿದ್ದೇನೆ' ಎಂದು ತರಬೇತಿ ಕೊಟ್ಟವರು ಸಹಿ ಹಾಕಬೇಕೆಂದು ಸಂಸ್ಥೆಯವರು ಫಾರಂ ಕಳಿಸಿದ್ದರು. ಆ ಸಹಿ ಶಿವರತ್ನಮ್ಮನದು.

ಬಾಗಿಲಲ್ಲಿ ನಿಂತು ಕಾಯುವ ಕೆಲಸವನ್ನು ಅವಳು ಮೈಸೂರಿನಲ್ಲಿ ಕಲಿತದ್ದಲ್ಲ. ಮಧುವನಹಳ್ಳಿಯ ಮನೆಯಲ್ಲಿ ಕಲಿತದ್ದು. ಅಪ್ಪ ಕೆಂಪನಂಜಪ್ಪನಿಗೆ ಹಿಪ್ಪುನೇರಳೆ ತೋಟವಿತ್ತು, ಹಿತ್ತಿಲಲ್ಲಿ ರೇಷ್ಮೆ ಹುಳು ಸಾಕುವ ಕೋಣೆಯಿತ್ತು. ಹುಳುವಿಗೆ ಸುಣ್ಣಕಟ್ಟು ರೋಗ ತಗುಲಿದರೆ ಒಂದೇ ವಾರದಲ್ಲಿ ತಟ್ಟೆ ತಟ್ಟೆಯೇ ಬೆಳ್ಳಗೆ ಬಿರುಸಾಗಿ ಸಾಯುತ್ತಿತ್ತು. ಅದಕ್ಕೇ ಅವ್ವ ಪುಟ್ಟಮಲ್ಲಮ್ಮ ಆ ಕೋಣೆಯ ಬಾಗಿಲಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದಳು.

"ಕಾಲ್ ತೊಳ್ಕ. ಕೈ ತೋರ್ಸು. ಇನ್ನೊಂದ್ ಕೈ. ಯಾರ್ ಮನ ಉಳ ಮುಟ್ ಬಂದಿದ್ದೀಯ ಇವತ್ತು? ಸೀರ ಸೆರಗ ಸಿಗ್ಸ್ಕ. ಈಗ ಓಗು."

ಇದನ್ನು ಅವ್ವ ದಿನಕ್ಕೆ ಆರು ಸಲ ಹೇಳುತ್ತಿದ್ದಳು, ಗಂಡನಿಗೂ ಹೇಳುತ್ತಿದ್ದಳು. ಕೆಂಪನಂಜಪ್ಪ ಒಮ್ಮೆ, "ನಾನೇನ್ ನೆನ್ನೆ ಉಟ್ಟಿದ್ನಾ, ನಂಗ ಗೊತ್ತಿಲ್ವಾ?" ಎಂದು ರೇಗಿದ್ದ. "ಗೊತ್ತಿರೋರೇ ಕಣ ಮರಿಯದು" ಎಂದು ಪುಟ್ಟಮಲ್ಲಮ್ಮ ಅವನನ್ನು ಹೊಸಿಲಿನಿಂದಲೇ ವಾಪಸು ಕಳಿಸಿದ್ದಳು. ಹುಳುವಿಗೆ ಇದ್ದ ಆ ಕಾವಲು ಮನುಷ್ಯರಿಗೆ ಯಾಕಿಲ್ಲ ಎಂಬ ಪ್ರಶ್ನೆ ಶಿವರತ್ನಮ್ಮನ ಹೊಟ್ಟೆಯಲ್ಲಿ ನಾಲ್ಕು ವರ್ಷದಿಂದ ಉರಿಯುತ್ತಿತ್ತು.

ನಾಲ್ಕು ವರ್ಷದಿಂದ ಎಂದರೆ ಪದ್ಮಿನಿ ಸತ್ತಾಗಿನಿಂದ. ಹನೂರಿನ ಹೆಣ್ಣುಮಗಳು, ಇದೇ ಆಸ್ಪತ್ರೆಯ ನರ್ಸು, ಮೂವತ್ತು ತುಂಬಿರಲಿಲ್ಲ. ಕೊರೋನಾದ ಎರಡನೆಯ ಅಲೆಯಲ್ಲಿ ಮೂರು ವಾರ್ಡನ್ನು ಒಬ್ಬಳೇ ಹೊತ್ತಳು. ಆಗ ಶಿವರತ್ನಮ್ಮ ಆಸ್ಪತ್ರೆಯ ವರಾಂಡದಲ್ಲಿ ಅರ್ಧ ಗಂಟೆ ಸೂಟು ಹಾಕಿ ಬಿಚ್ಚಿ ತೋರಿಸಿದ್ದಳು. ಆಮೇಲೆ 'ಎಲ್ಲ ಸಿಬ್ಬಂದಿಗೂ ತರಬೇತಿ ಕೊಡಲಾಗಿದೆ' ಎಂಬ ಕಾಗದ ಬಂತು, ಹೇಳಿದ ಕಡೆ ಸಹಿ ಹಾಕಿದ್ದಳು. ಪದ್ಮಿನಿ ದಿನವೂ ಪಾಳಿ ಮುಗಿಸಿ ವಾರ್ಡಿನ ಹಿಂದಿನ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಆ ಸೂಟು ಕಳಚುತ್ತಿದ್ದಳು. ಹದಿನೇಳು ದಿನ ಉಸಿರಿಗೆ ಒದ್ದಾಡಿ ಹೋದಳು. ಕಡೆಯಲ್ಲಿ ಮಾತು ನಿಲ್ಲುವ ಮುಂಚೆ ಶಿವರತ್ನಮ್ಮನ ಕೈ ಹಿಡಿದು, "ಯಾವಾಗ ಮುಟ್ಕಂಡ್ನೋ ಗೊತ್ತೇ ಆಗ್ನಿಲ್ಲ ಸಿಸ್ಟರ್" ಎಂದಿದ್ದಳು.

ಶ್ರದ್ಧಾಂಜಲಿ ಸಭೆಯಲ್ಲಿ ಕಾರ್ಯದರ್ಶಿಗಳು ಮೈಕು ಹಿಡಿದು ಗದ್ಗದಿತರಾಗಿ, "ಒಂದು ಕ್ಷಣ ಎಚ್ಚರ ತಪ್ಪಿದರು, ನಮ್ಮನ್ನಗಲಿದರು" ಎಂದರು. ಎಚ್ಚರ ತಪ್ಪಿದವಳು ಅವಳಂತೆ! ಪದ್ಮಿನಿಯ ಫೋಟೋಕ್ಕೆ ಗಾಜಿನ ಕಟ್ಟು ಹಾಕಿಸಿ ವರಾಂಡದಲ್ಲಿ ತೂಗುಹಾಕಿದರು. ಆ ಬಚ್ಚಲ ಬಾಗಿಲಿಗೆ ಒಬ್ಬ ಮನುಷ್ಯರನ್ನು ನಿಲ್ಲಿಸಿ ಎಂದು ಶಿವರತ್ನಮ್ಮ ಬರೆದುಕೊಟ್ಟ ಅರ್ಜಿಗಳಿಗೆ ಮಾತ್ರ ಮೂರು ಸಲವೂ 'ಸಿಬ್ಬಂದಿ ಕೊರತೆ' ಎಂದು ಉತ್ತರ ಬಂತು. ಅಂದಿನಿಂದ ಅವಳು ಓದದೆ, ನೋಡದೆ ಯಾವ ಕಾಗದಕ್ಕೂ ಸಹಿ ಹಾಕಿದ್ದಿಲ್ಲ.

ಈ ಸಲದ ತರಬೇತಿಯನ್ನು ಅವಳು ನಡೆಸಿದ ರೀತಿಯೇ ಬೇರೆ. ಸಂಸ್ಥೆಯವರು ಕಳಿಸಿದ ಇಂಗ್ಲಿಷಿನ ಇಪ್ಪತ್ತೆರಡು ಹೆಜ್ಜೆಗಳನ್ನು ಆಡುಮಾತಿಗೆ ತಿರುಗಿಸಿ ದೊಡ್ಡ ಅಕ್ಷರದಲ್ಲಿ ಬರೆದಳು. ರೋಗಾಣು ಕಣ್ಣಿಗೆ ಕಾಣದಲ್ಲ, ಅದಕ್ಕೆ ಅಡುಗೆಮನೆಯಿಂದ ಅರಿಶಿನ ತಂದಳು. ನೀರಿನಲ್ಲಿ ತೆಳ್ಳಗೆ ಕಲಸಿ ಸೂಟಿನ ಮೇಲೆ, ಗ್ಲೌಸಿನ ಮೇಲೆ ಬಳಿಯುವುದು, ಆರಲು ಬಿಡುವುದು. ಕಳಚಿ ಮುಗಿದ ಮೇಲೆ ಬಟ್ಟೆ ಒಗೆಯುವ ಸೋಪಿನ ನೀರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಮುಖ, ಕತ್ತು, ಕೈ ಒರೆಸುವುದು. ಅರಿಶಿನದ ಕಲೆಗೆ ಸೋಪು ಬಿದ್ದರೆ ಕೆಂಪಾಗುವುದು ಸೀರೆ ಒಗೆದ ಯಾವ ಹೆಂಗಸಿಗೆ ಗೊತ್ತಿಲ್ಲ? ಬಟ್ಟೆ ಕೆಂಪಾಯಿತೆಂದರೆ ನೀನು ಸತ್ತೆ ಎಂದರ್ಥ. ಮೊದಲ ದಿನ ಮಧುಶ್ರೀಯ ಕೆನ್ನೆಯೆಲ್ಲ ಕೆಂಪು ಬಿಟ್ಟಿತು. "ಸಿಸ್ಟರ್, ಅದು ಬೆಳಿಗ್ಗೆ ಸ್ನಾನ ಮಾಡುವಾಗ ಹಚ್ಚಿಕೊಂಡ ಅರಿಶಿನ" ಎಂದು ಅವಳು ಗೋಗರೆದಳು. ಹನ್ನೆರಡು ದಿನ ಯಾರೂ ಮುಖಕ್ಕೆ ಅರಿಶಿನ ಸೋಕಿಸಕೂಡದು ಎಂದು ಆಜ್ಞೆಯಾಯಿತು.

ಐದನೆಯ ದಿನದ ಹೊತ್ತಿಗೆ ನಾಲ್ವರೂ ತಪ್ಪಿಲ್ಲದೆ ಕಳಚುತ್ತಿದ್ದರು. ಶಿವರತ್ನಮ್ಮನಿಗೆ ಒಳಗೊಳಗೇ ಹೆಮ್ಮೆ. ಆರನೆಯ ದಿನ ಎಲ್ಲ ತಲೆಕೆಳಗಾಯಿತು. ಶಿವರಾತ್ರಿ ಹತ್ತಿರ ಬಂದಿತ್ತು. ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರ ಮೊದಲ ಗುಂಪು ಆಸ್ಪತ್ರೆಯ ಮುಂದೆ ಹಾದು, "ಉಘೇ ಉಘೇ ಮಾದಪ್ಪ!" ಎಂದು ಕೂಗಿತು. ಒಳಗೆ ಸತ್ತೇಗಾಲದ ಚನ್ನಬಸವ ಆಗಷ್ಟೇ ಕಣ್ಣಿನ ಕನ್ನಡಕ ತೆಗೆದು ಬುಟ್ಟಿಗೆ ಹಾಕಿದ್ದ, ಒಳಗಿನ ಗ್ಲೌಸು ಇನ್ನೂ ಕೈಯಲ್ಲೇ ಇತ್ತು. ಕೂಗು ಕಿವಿಗೆ ಬಿದ್ದದ್ದೇ ಕೈ ತಾನಾಗಿ ಮೇಲೆದ್ದು, ಎರಡು ಬೆರಳು ಎರಡೂ ಕಣ್ಣಿಗೆ ಒತ್ತಿಕೊಂಡು, ಎದೆಗೆ ಮುಟ್ಟಿ ಕೆಳಗಿಳಿಯಿತು. ಅವನಿಗೆ ಅದರ ಅರಿವೇ ಇಲ್ಲ. ಒರೆಸಿದರೆ ಎರಡು ರೆಪ್ಪೆಯ ಮೇಲೂ ಕೆಂಪು.

"ನಾನ್ ಮುಟ್ಟೇ ಇಲ್ಲ ಸಿಸ್ಟರ್!" ಎಂದು ಅವನು ಬಟ್ಟೆಯನ್ನೇ ದಿಟ್ಟಿಸಿದ. ಶಿವರತ್ನಮ್ಮನಿಗೆ ಪದ್ಮಿನಿಯ ಮಾತು ನೆನಪಾಯಿತು.

ಮಾರನೆಯ ದಿನ ಮಾದಸ್ವಾಮಿಯ ಕೈಯೂ ಹಾಗೇ ಕಣ್ಣಿಗೆ ಹೋಯಿತು, ಮಧುಶ್ರೀಯದೂ ಹೋಯಿತು. ಹುಟ್ಟಿದಾಗಿನಿಂದ ಕಂಕುಳಲ್ಲಿ ಕೂತೇ ಕಲಿತದ್ದನ್ನು ಹನ್ನೆರಡು ದಿನದಲ್ಲಿ ಮರೆಸುವುದು ಹೇಗೆ? ಆಫ್ರಿಕಾದಲ್ಲಿ ಮಾದಪ್ಪನ ಕೂಗು ಕೇಳುವುದಿಲ್ಲ ನಿಜ. ಆದರೆ ರೋಗಿಯೊಬ್ಬ ಕಣ್ಮುಂದೆ ಹೋದರೆ, ಎಲ್ಲೋ ಒಂದು ಗಂಟೆ ಬಾರಿಸಿದರೆ, ತಮ್ಮಷ್ಟಕ್ಕೆ ತಾವೇ 'ಅಪ್ಪಾ ಮಾದಪ್ಪ' ಎಂದುಕೊಂಡರೆ ಸಾಕು, ಕೈ ಏಳುತ್ತದೆ. ಇದಕ್ಕೆ ದಾರಿ ಕಂಡುಹಿಡಿದವಳು ಪವಿತ್ರ.

ಪವಿತ್ರ ಯಳಂದೂರಿನ ಕಡೆಯವಳು. ಬಿಳಿಗಿರಿರಂಗನ ಬೆಟ್ಟದ ಆರೋಗ್ಯ ಕೇಂದ್ರದಲ್ಲಿ ಎರಡು ವರ್ಷ ಇದ್ದವಳು. ಅಲ್ಲಿ ಓದು ಬಾರದವರಿಗೆ ಮಾತ್ರೆಯ ಹೊತ್ತು ಹೇಳಿ ಹೇಳಿ ದನಿ ತಮಟೆಯಂತಾಗಿತ್ತು. ಅವಳು ಹಾಳೆ ಓದುವಾಗ ಕಣ್ಣು ಹಾಳೆಯ ಮೇಲಿರುತ್ತಿರಲಿಲ್ಲ, ಇಪ್ಪತ್ತೆರಡು ಹೆಜ್ಜೆಯೂ ಬಾಯಿಪಾಠ. ಎದುರಿನವರ ಭುಜ ನೋಡುತ್ತಿದ್ದಳು. "ಕೈ ಏಳೋಕ್ ಮುಂಚೆ ಭುಜ ಏಳ್ತದ ಸಿಸ್ಟರ್" ಎಂದಳು. ಭುಜ ಅಲುಗಿದ ಕೂಡಲೇ "ಕೈ!" ಎಂದು ಒಂದೇ ಒಂದು ಕೂಗು. ಕೈ ಅಲ್ಲೇ ನಿಲ್ಲುತ್ತಿತ್ತು. ಎಂಟನೆಯ ದಿನ ನಾಲ್ವರೂ ಒಬ್ಬರಿಗೊಬ್ಬರು ಹಾಗೆ ಕೂಗಲು ಕಲಿತಿದ್ದರು, ಪವಿತ್ರಳಷ್ಟು ಚುರುಕಾಗಿ ಮಾತ್ರ ಯಾರೂ ಅಲ್ಲ. ಅಂಥವಳನ್ನೇ ಒಂಬತ್ತನೆಯ ದಿನ ಪಟ್ಟಿಯಿಂದ ಕಿತ್ತು ಹಾಕಿದ್ದರು!

"ನಾನೇನ್ ತಪ್ ಮಾಡ್ದಿ ಸಿಸ್ಟರ್?" ಎಂದು ಪವಿತ್ರ ಹಾಳೆ ಹಿಡಿದು ನಿಂತಾಗ ಶಿವರತ್ನಮ್ಮ ಮೂರನೆಯ ಸಲ ಕೈ ಒರೆಸಿಕೊಂಡು ನೇರ ಕಾರ್ಯದರ್ಶಿಗಳ ಕೋಣೆಗೆ ನಡೆದಳು.

ಶಿವರುದ್ರಸ್ವಾಮಿಯವರದು ಹಣೆಯ ಮೇಲೆ ಮೂರು ಬೆರಳ ವಿಭೂತಿ, ಬಾಯಲ್ಲಿ ಸದಾ ಬೆಲ್ಲ ಇಟ್ಟುಕೊಂಡಂಥ ಮಾತು. "ಬನ್ನಿ ಶಿವರತ್ನಮ್ಮೋರೆ, ಕೂತ್ಕೊಳಿ. ನೋಡಿ, ಆ ಹುಡುಗಿ ಚಿಕ್ಕವಳು, ಇನ್ನೊಂದ್ಸಲ ಹೋಗ್ತಾಳೆ. ಇಷ್ಟು ದೊಡ್ಡ ಕೆಲಸ ಮಾಡ್ತಿದೀವಿ, ಲೋಕಕ್ಕೆ ತೋರಿಸೋಕೆ ಒಬ್ಬ ಬೇಡ್ವಾ?"

"ತೋರ್ಸೋನು ಓಯ್ಲಿ ಸಾ, ಬೇಡ ಅನ್ನಕಿಲ್ಲ. ನರ್ಸ್ ಸೀಟಲ್ಲಿ ಯಾಕೆ? ಆ ಹುಡ್ಗಿ ಓದೋಳು. ಅವ್ಳಿಲ್ದೆ ಒಬ್ರು ಒಂಟಿಯಾಯ್ತಾರೆ."

"ಓದೋದು, ಓದೋದು ಅಂತೀರಲ್ಲ! ಬಟ್ಟೆ ಬಿಚ್ಚೋಕೂ ಪಕ್ಕದಲ್ಲಿ ಒಬ್ರು ನಿಂತು ಓದ್ಬೇಕಾ? ಅವ್ರೇನು ಹಸುಗೂಸುಗಳಾ?" ಅವರು ನಕ್ಕರು. ಆಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು. "ಮೂವತ್ತಾರು ವರ್ಷದ ಸರ್ವೀಸು ನಿಮ್ದು. ನಿಮಗೂ ಬೇಕಾ ಓದೋವ್ರು?"

"ನಂಗ್ಯಾಕ್ ಬೇಕು?" ಎಂದುಬಿಟ್ಟಳು ಶಿವರತ್ನಮ್ಮ.

ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ? ಕಾರ್ಯದರ್ಶಿಗಳು ಅದನ್ನು ಅಲ್ಲೇ ಹಿಡಿದುಕೊಂಡರು. "ಅಷ್ಟೇ ನಾನು ಹೇಳೋದು. ಚೆನ್ನಾಗಿ ಕಲಿತೋರಿಗೆ ಕಾವಲು ಬೇಡ. ನಾಳೆ ನೀವೇ ಹಾಕಿ ಬಿಚ್ಚಿ ತೋರ್ಸಿ, ಒಬ್ಬರೇ, ಯಾರೂ ಓದಬಾರದು. ನಿಮ್ಮ ಅರಿಶಿನದ ಪರೀಕ್ಷೆನೇ ಆಗ್ಲಿ. ಬಟ್ಟೆ ಬೆಳ್ಳಗಿದ್ರೆ ಸಹಿ ಹಾಕಿ ಕೊಡಿ. ಕೆಂಪಾದ್ರೆ ನೀವು ಹೇಳಿದ ಹಾಗೆ, ಆ ಹುಡುಗಿನೇ ಹೋಗ್ಲಿ."

ಹೊರಗೆ ಬಂದಾಗ ಶಿವರತ್ನಮ್ಮನಿಗೆ ತಾನು ಎಂಥ ಬೋನಿಗೆ ಬಿದ್ದೆನೆಂದು ಹೊಳೆಯಿತು. ಗೆದ್ದರೆ ಪವಿತ್ರಳ ಸೀಟು ಹೋಗುತ್ತದೆ. ಸೋತರೆ, ಇಷ್ಟು ವರ್ಷ ಹೊಸ ನರ್ಸುಗಳ ಕಿವಿ ಹಿಂಡಿದ ಸಿಸ್ಟರ್ ತನ್ನ ಮುಖಕ್ಕೇ ರೋಗ ಬಳಿದುಕೊಂಡಳು ಎಂದು ಇಡೀ ಆಸ್ಪತ್ರೆ ಆಡಿಕೊಳ್ಳುತ್ತದೆ. ಬೇಕೆಂದೇ ಒಂದು ಕಡೆ ಮುಟ್ಟಿಕೊಂಡರಾಯಿತಲ್ಲ ಎಂಬ ಯೋಚನೆ ಬಂತು. ಬಂದದ್ದಕ್ಕೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಸುಳ್ಳು ಸಹಿಯೊಂದನ್ನು ಹಾಕಿ ನಾಲ್ಕು ವರ್ಷ ಬೆಂದವಳು ಈಗ ಸುಳ್ಳು ತಪ್ಪೊಂದನ್ನು ಮಾಡುವುದೇ? ಅದೂ ಅಲ್ಲದೆ, ಅವಳ ಕೈಗೆ ತಪ್ಪು ಮಾಡಲು ಬರುವುದಿಲ್ಲ ಎಂಬ ಜಂಬವೂ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಮಂಗಳವಾರ ಹನ್ನೊಂದು ಗಂಟೆಗೆ ಎಲ್ಲರೂ ಹಿಂದಿನ ಬಚ್ಚಲಿನ ಮುಂದೆ ಸೇರಿದರು. ಅದೇ ಬಚ್ಚಲು, ಪದ್ಮಿನಿಯದು. ತರಬೇತಿಗೆಂದು ಶಿವರತ್ನಮ್ಮ ಹಟ ಹಿಡಿದು ಅದನ್ನೇ ಆರಿಸಿಕೊಂಡಿದ್ದಳು. ಬಾಗಿಲು ಪೂರ್ತಿ ತೆಗೆದಿತ್ತು. ಕಾರ್ಯದರ್ಶಿಗಳಿಗೆ ಕುರ್ಚಿ ಹಾಕಿದ್ದರು. ಉದಯಕುಮಾರ್ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದ. ಪವಿತ್ರಳಿಗೆ, "ತುಟಿ ಪಿಟಕ್ ಅನ್ಬ್ಯಾಡ ಕಣವ್ವ, ನನ್ನಾಣೆ" ಎಂದು ಶಿವರತ್ನಮ್ಮನೇ ತಾಕೀತು ಮಾಡಿದ್ದಳು. ಮಾತು ಕೊಟ್ಟ ಮೇಲೆ ಮುಗಿಯಿತು, ಪವಿತ್ರ ಅದನ್ನು ಮೀರುವವಳಲ್ಲ.

ಸೂಟು ತೊಟ್ಟು, ಮೈಗೆಲ್ಲ ಅರಿಶಿನದ ನೀರು ಬಳಿಸಿಕೊಂಡು, ಆ ಬಿಸಿಲಿನಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತಳು. ಬೆವರು ಬೆನ್ನಿನಿಂದ ಕಾಲಿಗೆ ಇಳಿಯುತ್ತಿತ್ತು. ಆಮೇಲೆ ಕಳಚಲು ಶುರುಮಾಡಿದಳು. ಹೊರಗಿನ ಗ್ಲೌಸು, ಕೈ ತೊಳೆತ. ಏಪ್ರನ್ನು, ಕೈ ತೊಳೆತ. ತಲೆಯ ಮುಸುಕು ಹಿಂದಕ್ಕೆ, ಸೂಟು ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತಿಕೊಂಡು ಕೆಳಗೆ, ಕೈ ತೊಳೆತ. ಅಷ್ಟು ವಯಸ್ಸಾದ ಕೈಗಳು ಅವು, ಒಂದು ಕಡೆ ತಡವರಿಸಲಿಲ್ಲ. ಮಾದಸ್ವಾಮಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಕಾರ್ಯದರ್ಶಿಗಳು ತೊಡೆಯ ಮೇಲಿದ್ದ ಫಾರಮ್ಮುಗಳನ್ನು ಸರಿಮಾಡಿಕೊಂಡು ಪೆನ್ನಿನ ಮುಚ್ಚಳ ತೆಗೆದರು. ಅವಳು ಬಾಗಿ ಕನ್ನಡಕವನ್ನು ಹಿಂದಿನಿಂದ ಬಿಡಿಸಿ ಬುಟ್ಟಿಗೆ ಬಿಟ್ಟಳು. ಇನ್ನು ಮಾಸ್ಕು, ಒಳಗಿನ ಗ್ಲೌಸು, ಅಷ್ಟೇ.

ರಸ್ತೆಯಲ್ಲಿ ಒಂದು ಗುಂಪು ಹಾದುಹೋಯಿತು. ಬೆಳಿಗ್ಗೆಯಿಂದ ಅಂಥ ಹತ್ತು ಗುಂಪು ಹೋಗಿದ್ದವು. ಇದರಲ್ಲಿ ಯಾರೋ ಒಬ್ಬ ಮುದುಕಿ ಒಡೆದ ದನಿಯಲ್ಲಿ, ಸತ್ತು ಹೋದ ಪುಟ್ಟಮಲ್ಲಮ್ಮನದೇ ಎನ್ನುವಂಥ ದನಿಯಲ್ಲಿ, "ಏಳುಮಲೆ ಮಾದಪ್ಪನಿಗೆ ಉಘೇ!" ಎಂದಳು.

"ಕೈ!"

ಪವಿತ್ರಳ ಕೂಗಿಗೆ ಕಾರ್ಯದರ್ಶಿಗಳ ಪೆನ್ನು ಕೆಳಗೆ ಬಿತ್ತು. ಶಿವರತ್ನಮ್ಮ ಬೆಚ್ಚಿ ನೋಡಿದಳು. ತನ್ನ ಬಲಗೈಯ ಎರಡು ಬೆರಳು, ಅರಿಶಿನ ಹತ್ತಿದ ಗ್ಲೌಸಿನ ಬೆರಳು, ತನ್ನ ಕಣ್ಣಿನ ಮುಂದೆ ಒಂದಂಗುಲ ದೂರದಲ್ಲಿ ನಿಂತಿದ್ದವು. ಅದನ್ನು ಅಲ್ಲಿಗೆ ತಂದವಳು ತಾನೇ. ತಂದದ್ದು ತನಗೆ ಗೊತ್ತೇ ಇಲ್ಲ. ಯಾವಾಗ ಮುಟ್ಟಿಕೊಂಡೆನೋ ಗೊತ್ತೇ ಆಗಲಿಲ್ಲ ಎಂದಿದ್ದ ಪದ್ಮಿನಿ ಸುಳ್ಳು ಹೇಳಿರಲಿಲ್ಲ, ಎಚ್ಚರವನ್ನೂ ತಪ್ಪಿರಲಿಲ್ಲ.

ಕೈ ಇಳಿಸಿ, ತೊಳೆದು, ಉಳಿದ ಹೆಜ್ಜೆಗಳನ್ನು ಮುಗಿಸಿದಳು. ಮಧುಶ್ರೀ ಸೋಪಿನ ಬಟ್ಟೆಯಿಂದ ಅವಳ ಮುಖ, ಕತ್ತು, ಕೈ ಒರೆಸಿದಳು. ಬಟ್ಟೆ ಬೆಳ್ಳಗೇ ಇತ್ತು.

"ನೋಡಿದ್ರಾ!" ಶಿವರುದ್ರಸ್ವಾಮಿಯವರು ಎದ್ದು ಚಪ್ಪಾಳೆ ತಟ್ಟಿದರು. "ಕೆಂಪಾಗ್ಲಿಲ್ಲ! ನಾನು ಹೇಳಿದ್ದೇ ಆಯ್ತು. ಎಲ್ಲಿ, ಸಹಿ ಮಾಡಿ."

ಶಿವರತ್ನಮ್ಮ ಜೀವಮಾನದಲ್ಲಿ ಕೂಗಾಡಿದ್ದು ಅಂದೊಂದೇ ದಿನ.

"ಯಾವ ಬಾಯಲ್ಲಿ ಏಳ್ತೀರಿ ಸಾ ಈ ಮಾತ? ಬಟ್ಟೆ ಬೆಳ್ಳಗದ ಅಂದ್ರ ಯಾರಿಂದ? ನನ್ ಮೂವತ್ತಾರ್ ವರ್ಷದಿಂದ್ಲಾ? ಈ ಹುಡ್ಗಿ ಗಂಟ್ಲಿಂದ! ನನ್ ಆಣೆ ಮೀರಿ ಕೂಗುದ್ಲಲ್ಲ, ಅದ್ರಿಂದ! ಅವ್ಳ್ ಕೂಗ್ದೆ ಇದ್ದಿದ್ರ ನಾನ್ ಅಲ್ಲಿ ಇನ್ನಾರ್ ದಿನಕ್ ಹೆಣ. ನಿಮ್ಗ ಇನ್ನೊಂದ್ ಫೋಟೋ, ಇನ್ನೊಂದ್ ಗಾಜಿನ ಕಟ್ಟು. ಪದ್ಮಿನಿ ಎಚ್ಚರ ತಪ್ಪುದ್ಲು ಅಂದ್ರಲ್ಲ ಮೈಕ್ ಮುಂದ? ಎಚ್ಚರ ತಪ್ಪಿದ್ದು ನೀವು. ಸಹಿ ಹಾಕ್ದೋಳು ನಾನು. ಅವ್ಳ್ ಬಾಗ್ಲಲ್ಲಿ 'ಕೈ' ಅನ್ನಾಕೆ ಒಬ್ರೂ ಇರ್ನಿಲ್ಲ!"

ಹಾಗೆಂದು ಬಗ್ಗಿ ನೆಲದ ಮೇಲಿದ್ದ ಪೆನ್ನು ಎತ್ತಿಕೊಂಡಳು. ಅವರ ಕೈಯಲ್ಲಿದ್ದ ಫಾರಂ ಎಳೆದುಕೊಂಡು, ಅಚ್ಚಾಗಿದ್ದ ಉದಯಕುಮಾರನ ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಪವಿತ್ರ ಎಂದು ಬರೆದು ಸಹಿ ಹಾಕಿದಳು. "ಇಂಗೆ ಕಳ್ಸದಾದ್ರ ಕಳ್ಸಿ. ಇಲ್ದಿದ್ರ ಬೇರೆ ಯಾರ್ ಕೈಲಾದ್ರೂ ಹಾಕ್ಸ್ಕಳಿ."

ಬೇರೆ ಯಾರ ಸಹಿಯೂ ನಡೆಯುವಂತಿರಲಿಲ್ಲ. ವಿಮಾನಕ್ಕೆ ಐದೇ ದಿನ ಉಳಿದಿತ್ತು. ಕಾರ್ಯದರ್ಶಿಗಳು ಮುಖ ಕೆಂಪಗೆ ಮಾಡಿಕೊಂಡು ಅಳಿಯನ ಕಡೆ ತಿರುಗಿದರು. ಉದಯಕುಮಾರ್ ಮೊಬೈಲಿನಲ್ಲಿ ಆ ತುಣುಕನ್ನೇ ಹಿಂದೆ ಮುಂದೆ ಮಾಡಿ ನೋಡುತ್ತಿದ್ದ. ಕೈ ಏಳುವುದು, ಕಣ್ಣಿನವರೆಗೆ ಬರುವುದು, ನಿಲ್ಲುವುದು. ಮೂರು ಸಲ ನೋಡಿ, "ಮಾವ, ನಾನ್ ಓಗಕಿಲ್ಲ" ಎಂದ. "ನಂದೂ ಇಂಗೇ ಏಳ್ತದ." ಆ ಹೊತ್ತಿನಲ್ಲಿ ಅಲ್ಲಿ ಬುದ್ಧಿಯ ಮಾತಾಡಿದ ಇನ್ನೊಬ್ಬ ಅವನೇ.

ಶನಿವಾರ ಬೀಳ್ಕೊಡುಗೆ ಸಮಾರಂಭ ಬಲು ಜೋರಾಗಿ ನಡೆಯಿತು. ಶಾಮಿಯಾನ, ಶಾಲು, ಹಾರ, ಮೈಕು. "ಕಳಚುವಾಗ ಕಾಯುವ ಜೋಡಿ ಪದ್ಧತಿಗೆ ನಮ್ಮ ಆಸ್ಪತ್ರೆ ಮೊದಲಿನಿಂದಲೂ ಒತ್ತು ಕೊಟ್ಟಿದೆ" ಎಂದು ಶಿವರುದ್ರಸ್ವಾಮಿಯವರು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಆಹ್ವಾನ ಪತ್ರಿಕೆಯಲ್ಲಿ ಶಿವರತ್ನಮ್ಮನ ಹೆಸರಿರಲಿಲ್ಲ, ಅವಳಿಗೆ ಅದರ ಗೊಡವೆಯೂ ಇರಲಿಲ್ಲ. 'ಮೊದಲಿನಿಂದಲೂ' ಎಂಬ ಮಾತು ಕೇಳಿದಾಗ ಮಾತ್ರ ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು. ವಿಮಾನ ನಿಲ್ದಾಣಕ್ಕೆ ಹೊರಟ ವ್ಯಾನು ತಿರುವಿನ ಗುಡಿಯ ಮುಂದೆ ನಿಧಾನವಾದಾಗ ಒಳಗಿನಿಂದ ಪವಿತ್ರಳ ದನಿ "ಕೈ!" ಎಂದು ಗೇಟಿನವರೆಗೂ ಕೇಳಿಸಿತು, ಹಿಂದೆಯೇ ಮೂವರ ನಗು.

ಸೋಮವಾರ ಮಧ್ಯಾಹ್ನ ಶಿವರತ್ನಮ್ಮ ಹಿಂದಿನ ವರಾಂಡದಲ್ಲಿ ಬರುತ್ತಿದ್ದಳು. ಒಂಟಿ ಕೋಣೆಯಲ್ಲಿ ಹಿಂದಿನ ದಿನ ಹಂದಿಜ್ವರದ ಶಂಕೆಯ ರೋಗಿಯೊಬ್ಬನನ್ನು ಸೇರಿಸಿದ್ದರು. ಬಚ್ಚಲ ಬಾಗಿಲು ಮುಚ್ಚಿತ್ತು. ಒಳಗೆ ನೀರು ಬೀಳುವ ಸದ್ದು, ಪ್ಲಾಸ್ಟಿಕ್ಕು ಪರಪರ ಎನ್ನುವ ಸದ್ದು.

ಶಿವರತ್ನಮ್ಮ ಅಲ್ಲೇ ನಿಂತಳು. ದೇಶ ದಾಟಿ ಹೋಗುವವರಿಗೆ ಕಾವಲು ಸಿಕ್ಕಿತು, ಶಾಲು ಸಿಕ್ಕಿತು, ಚಪ್ಪಾಳೆ ಸಿಕ್ಕಿತು. ಇಲ್ಲಿ ಈ ಬಾಗಿಲಿಗೆ ಇವತ್ತಿಗೂ ಯಾರೂ ಇಲ್ಲ.

"ಒಳಗ ಯಾರವ್ವ?"

"ನಾನು ಸಿಸ್ಟರ್, ಪುಟ್ಟಮಾದಮ್ಮ" ಎಂದು ಆಯಾಳ ದನಿ ಬಂತು. "ಆಯ್ತು, ಇನ್ನೆಲ್ಡೇ ನಿಮ್ಸ. ಬಿಚ್ತಾವ್ನಿ."

"ನಿಲ್ಸು. ಅಲ್ಲೇ ನಿಲ್ಸು. ಏನೂ ಮುಟ್ಬ್ಯಾಡ."

ನರ್ಸುಗಳ ಕೋಣೆಯಿಂದ ಒಂದು ಸ್ಟೂಲು ತಂದು ಬಾಗಿಲಿಗೆ ಎದುರಾಗಿ, ಒಂದು ಮಾರು ದೂರ ಹಾಕಿದಳು. ಕೋಲಿನ ತುದಿಯಿಂದ ಬಾಗಿಲನ್ನು ಪೂರ್ತಿ ತಳ್ಳಿದಳು. ಒಳಗೆ ಪುಟ್ಟಮಾದಮ್ಮ ಅರ್ಧ ಕಳಚಿದ ಗೌನಿನಲ್ಲಿ ಕೈ ಎತ್ತಿಕೊಂಡು ಗಾಬರಿಯಾಗಿ ನಿಂತಿದ್ದಳು. ವರಾಂಡದ ಆ ತುದಿಯಿಂದ ಯಾರೋ, "ಸಿಸ್ಟರ್, ಕಚೇರಿಲಿ ಕರೀತಾವ್ರೆ, ರಜಿಸ್ಟ್ರಿಗೆ ಸಹಿ ಬೇಕಂತೆ" ಎಂದು ಕೂಗಿದರು.

"ಬರಕಾಗಕಿಲ್ಲ ಅನ್ನು. ಬಾಗ್ಲಲ್ಲಿ ಕೂತವ್ಳೆ ಅನ್ನು" ಎಂದು ಶಿವರತ್ನಮ್ಮ ತಿರುಗಿಯೂ ನೋಡದೆ ಹೇಳಿದಳು. ಅವಳ ಕಣ್ಣು ಪುಟ್ಟಮಾದಮ್ಮನ ಭುಜದ ಮೇಲಿತ್ತು.

"ಹೆದ್ರಬ್ಯಾಡ. ನಾನ್ ಓದ್ತೀನಿ, ನೀನ್ ಮಾಡು. ಮೊದ್ಲು ಕೈ ಕೆಳಗಿಳ್ಸು. ಈಗ ಒಂದ್ನೇದು."